ನೋವಿನ ಮಾತ್ರೆಯೂ ಕಿಡ್ನಿಯ ತೂಬೂ

ಮಂಡ್ಯ ಜಿಲ್ಲೆಯ ಯಾವ ಹೋಬಳಿ ಊರಿನ ಮೆಡಿಕಲ್ ಸ್ಟೋರ್ ಮುಂದೆ ಸಂಜೆ ಹೊತ್ತು ನಿಂತರೂ ಒಂದು ಮಾತು ಕಿವಿಗೆ ಬಿದ್ದೇ ಬೀಳುತ್ತದೆ: “ಅಣ್ಣ, ಮಂಡಿ ನೋವಿಗೆ ಎರಡು ದಿನಕ್ಕೆ ಮಾತ್ರೆ ಕೊಡಣ್ಣ.” ಕತ್ತರಿ ಆಡುತ್ತದೆ. ಒಂದು ಸ್ಟ್ರಿಪ್ಪಿನಿಂದ ನಾಲ್ಕು ಮಾತ್ರೆ, ಇನ್ನೊಂದರಿಂದ ನಾಲ್ಕು ಗ್ಯಾಸ್ ಕ್ಯಾಪ್ಸೂಲು, ಒಂದು ಪುಟ್ಟ ಕಾಗದದ ಕವರು. “ಬೆಳಿಗ್ಗೆ ಒಂದು, ರಾತ್ರಿ ಒಂದು, ಊಟ ಆದ್ಮೇಲೆ.” ಮನೆಗೆ ಬಂದ ಆ ತುಂಡನ್ನು ತಿರುಗಿಸಿ ನೋಡಿ. ಬೆಳ್ಳಿ ಹಾಳೆಯ ಮೇಲೆ ಅರ್ಧಕ್ಕೆ ತುಂಡಾದ ಒಂದು ಹೆಸರು, ಮಿಲಿಗ್ರಾಂ ಲೆಕ್ಕದ ಕೊನೆಯ ಎರಡು ಸೊನ್ನೆ, ಅಂಚಿನಲ್ಲಿ ಕೆಂಪು ಗೆರೆಯ ಚೂರು. ಪೂರ್ತಿ ಹೆಸರು, ಬ್ಯಾಚ್ ನಂಬರು, ಅವಧಿ ಮುಗಿಯುವ ತಿಂಗಳು ಎಲ್ಲ ಅಂಗಡಿಯಲ್ಲೇ ಉಳಿದ ತುಂಡಿನ ಮೇಲಿವೆ.

ಈ ಮಾತ್ರೆಗಳು ಕೆಟ್ಟವೆಂದು ಹೇಳುವುದಕ್ಕೆ ಈ ಲೇಖನವಲ್ಲ. ಉಳುಕಿದ ಪಾದಕ್ಕೆ, ಹಲ್ಲು ಕಿತ್ತ ದವಡೆಗೆ, ಗೌಟ್ ಕೆರಳಿದ ಹೆಬ್ಬೆರಳಿಗೆ ಮೂರು ದಿನ ತೆಗೆದುಕೊಂಡರೆ ಇವುಗಳಷ್ಟು ಉಪಕಾರಿ ಔಷಧಿ ಕಡಿಮೆ. ಅಪಾಯ ಹುಟ್ಟುವುದು ಬೇರೆ ಕಡೆ: ಯಾವ ಮಾತ್ರೆಯೆಂದು ತಿಳಿಯದೆ, ತಿಂಗಳುಗಟ್ಟಲೆ, ಬಿ.ಪಿ. ಮಾತ್ರೆಯ ಜೊತೆಗೆ, ಬೆವರಿ ಬತ್ತಿದ ಮೈಗೆ ನುಂಗಿದಾಗ. ಇನ್ನು ಇದಕ್ಕೆ ಬದಲಿಯಾಗಿ ಜನ ಹುಡುಕುವ ‘ನ್ಯಾಚುರಲ್’ ದಾರಿಗಳಲ್ಲಿ ಒಂದೆರಡು ನಿಜಕ್ಕೂ ಕೆಲಸ ಮಾಡುತ್ತವೆ, ಹಲವು ಅರೆಬರೆ, ಒಂದಂತೂ ಈ ಮಾತ್ರೆಗಳಿಗಿಂತಲೂ ಅಪಾಯಕಾರಿ.

ಸುದ್ದಿಯಾದ ಒಂದು ಸಂಗತಿಯಿಂದಲೇ ಶುರು ಮಾಡೋಣ. 2025ರ ಡಿಸೆಂಬರ್ ಕೊನೆಯಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ 100 ಮಿಲಿಗ್ರಾಂ ಮೀರಿದ, ನುಂಗಿದ ಕೂಡಲೇ ಕರಗುವ ನಿಮೆಸುಲೈಡ್ ಎಂಬ ನೋವಿನ ಮಾತ್ರೆಗಳ ತಯಾರಿಕೆ, ಮಾರಾಟ ಎರಡನ್ನೂ ನಿಷೇಧಿಸಿತು. ಕಾರಣ ಲಿವರಿಗೆ ಆಗುವ ಹಾನಿ. 12 ವರ್ಷದೊಳಗಿನ ಮಕ್ಕಳಿಗೆ ಇದನ್ನು ಕೊಡಬಾರದೆಂದು 2011ರಲ್ಲೇ ಆದೇಶವಾಗಿತ್ತು. ಫಿನ್ಲೆಂಡ್, ಸ್ಪೇನ್ ದೇಶಗಳು 2002ರಲ್ಲೇ ಕೈಬಿಟ್ಟ ಔಷಧಿ ಇದು. ಅಮೆರಿಕದಲ್ಲಿ ಇದಕ್ಕೆ ಅನುಮತಿಯೇ ಸಿಕ್ಕಿಲ್ಲ. ಆದರೆ ನಮ್ಮ ಅಂಗಡಿಗಳಲ್ಲಿ ಹೆಚ್ಚು ಓಡುವುದು 100 ಮಿಲಿಗ್ರಾಂ ಮಾತ್ರೆಯೇ. ಅದು ನಿಷೇಧದ ಆಚೆ ಉಳಿದಿದೆ. ನೋವು ಜಾಸ್ತಿಯೆಂದು ಒಂದರ ಜಾಗದಲ್ಲಿ ಎರಡು ನುಂಗುವ ಮನೆಯಲ್ಲಿ ಆ ಆದೇಶದ ಫಲ ಸೊನ್ನೆ. ಜ್ವರಕ್ಕೆ, ತಲೆನೋವಿಗೆ, ಮೈಕೈ ನೋವಿಗೆ ನಿಮೆಸುಲೈಡ್ ಬೇಕೇ ಬೇಕು ಅನ್ನಿಸುವ ಸಂದರ್ಭ ನಮಗೆ ಒಂದೂ ಕಾಣುವುದಿಲ್ಲ. ಅದಕ್ಕಿಂತ ಸುರಕ್ಷಿತವಾದವು ಅದೇ ಕಪಾಟಿನಲ್ಲಿವೆ.

ಒಂದೇ ಕುಟುಂಬ, ಹತ್ತು ಹೆಸರು

ಪೆಟ್ಟಾದ ಜಾಗ ಕೆಂಪಾಗಿ, ಬಿಸಿಯಾಗಿ, ಊದಿಕೊಂಡು ನೋಯುವುದಕ್ಕೆ ಪ್ರೋಸ್ಟಾಗ್ಲಾಂಡಿನ್ ಎಂಬ ರಾಸಾಯನಿಕ ಮುಖ್ಯ ಕಾರಣ. ಅದನ್ನು ತಯಾರಿಸುವ ಕಿಣ್ವದ ಹೆಸರು ಕಾಕ್ಸ್. ಆಸ್ಪಿರಿನ್ ಈ ತಯಾರಿಕೆಯನ್ನೇ ತಡೆಯುತ್ತದೆಂದು ಇಂಗ್ಲೆಂಡಿನ ಜಾನ್ ವೇನ್ 1971ರಲ್ಲಿ ತೋರಿಸಿಕೊಟ್ಟರು. 1982ರ ನೊಬೆಲ್ ಪ್ರಶಸ್ತಿಯಲ್ಲಿ ಅವರಿಗೂ ಪಾಲು ಬಂತು. ತೊಡಕು ಏನೆಂದರೆ, ಇದೇ ಪ್ರೋಸ್ಟಾಗ್ಲಾಂಡಿನ್ ಜಠರದ ಒಳಗೋಡೆಗೆ ಲೋಳೆಯ ರಕ್ಷಣೆ ಕೊಡುತ್ತದೆ, ಕಿಡ್ನಿಗೆ ರಕ್ತ ಹರಿಯುವ ದಾರಿ ತೆರೆದಿಡುತ್ತದೆ. ಮಂಡಿಯಲ್ಲಿ ಬೇಡವಾದದ್ದು ಹೊಟ್ಟೆಯಲ್ಲಿ ಬೇಕು. ಮಾತ್ರೆಗೆ ಆ ವ್ಯತ್ಯಾಸ ತಿಳಿಯುವುದಿಲ್ಲ.

ಡೈಕ್ಲೋಫೆನಾಕ್, ಅಸೆಕ್ಲೋಫೆನಾಕ್, ಐಬುಪ್ರೊಫೇನ್, ನಪ್ರೋಕ್ಸೆನ್, ಮೆಫೆನಮಿಕ್ ಆಸಿಡ್, ಪಿರಾಕ್ಸಿಕಾಮ್, ಕೆಟೊರೊಲ್ಯಾಕ್, ನಿಮೆಸುಲೈಡ್, ಎಟೊರಿಕಾಕ್ಸಿಬ್: ಇವೆಲ್ಲ ಒಂದೇ ಕುಟುಂಬದವು. ವೈದ್ಯರು ಇವನ್ನು ಎನ್‌ಸೆಡ್ ಅನ್ನುತ್ತಾರೆ. ಪ್ಯಾರಾಸಿಟಮಾಲ್ ಈ ಕುಟುಂಬದ್ದಲ್ಲ. ಅದು ಜ್ವರ, ನೋವು ಇಳಿಸುತ್ತದೆ, ಊತ ಇಳಿಸುವುದಿಲ್ಲ. ಈ ಒಂದು ಭೇದ ತಿಳಿದಿದ್ದರೆ ಅರ್ಧ ಅನಾಹುತ ತಪ್ಪುತ್ತದೆ. ಏಕೆಂದರೆ ನಡೆಯುವುದು ಹೀಗೆ: ಹಲ್ಲಿನ ಡಾಕ್ಟರು ಡೈಕ್ಲೋಫೆನಾಕ್ ಬರೆದಿರುತ್ತಾರೆ. ಮಂಡಿಗೆಂದು ಮೊದಲೇ ಅಸೆಕ್ಲೋಫೆನಾಕ್ ನಡೆಯುತ್ತಿರುತ್ತದೆ. ಮೂರನೇ ದಿನ ಮೈ ಬೆಚ್ಚಗಾಯಿತೆಂದು ಅಂಗಡಿಯ ನಿಮೆಸುಲೈಡ್ ಸೇರಿಕೊಳ್ಳುತ್ತದೆ. ಮನೆಯವರ ಲೆಕ್ಕದಲ್ಲಿ ಅದು ಹಲ್ಲಿಗೊಂದು, ಮಂಡಿಗೊಂದು, ಜ್ವರಕ್ಕೊಂದು. ಹೊಟ್ಟೆಯ ಲೆಕ್ಕದಲ್ಲಿ ಒಂದೇ ಔಷಧಿಯ ಮೂರು ಡೋಸು. ಹೀಗೆ ಎರಡು ಎನ್‌ಸೆಡ್ ಸೇರಿಸಿದರೆ ನೋವು ಇಳಿಯುವ ಪ್ರಮಾಣ ಹೆಚ್ಚುವುದಿಲ್ಲ, ರಕ್ತಸ್ರಾವದ ಅಪಾಯ ಮಾತ್ರ ಹೆಚ್ಚುತ್ತದೆ.

ಪ್ರಮಾಣದ ಮಿತಿಯನ್ನೂ ತಿಳಿದಿರಬೇಕು. ವಯಸ್ಕರಿಗೆ ಡೈಕ್ಲೋಫೆನಾಕ್ ದಿನಕ್ಕೆ 150 ಮಿಲಿಗ್ರಾಂ ಮೀರಬಾರದು, ಅಂದರೆ 50ರ ಮಾತ್ರೆ ಮೂರು. ಅಸೆಕ್ಲೋಫೆನಾಕ್ 100ರ ಮಾತ್ರೆ ಎರಡು, ಅದಕ್ಕಿಂತ ಹೆಚ್ಚಿಲ್ಲ. ವೈದ್ಯರ ಕಣ್ಣಿಲ್ಲದೆ ಐಬುಪ್ರೊಫೇನ್ ತೆಗೆದುಕೊಳ್ಳುವುದಾದರೆ 400ರ ಮಾತ್ರೆ ಮೂರಕ್ಕೆ ನಿಲ್ಲಿಸಬೇಕು. ಪ್ಯಾರಾಸಿಟಮಾಲ್ ಗರಿಷ್ಠ 4 ಗ್ರಾಂ ಎಂದು ಪುಸ್ತಕ ಹೇಳಿದರೂ ವಯಸ್ಸಾದವರಿಗೆ, 50 ಕಿಲೋಗಿಂತ ತೂಕ ಕಡಿಮೆ ಇರುವವರಿಗೆ 3 ಗ್ರಾಂ ಒಳಗೇ ಇರಲಿ. ದಿನಾ ಕುಡಿಯುವವರಿಗೆ 2 ಗ್ರಾಂ.

ನಮ್ಮಲ್ಲಿ ಹೆಚ್ಚು ಖರ್ಚಾಗುವುದು ಕಾಂಬಿನೇಶನ್ ಮಾತ್ರೆಗಳು. ಅಸೆಕ್ಲೋಫೆನಾಕ್ 100, ಪ್ಯಾರಾಸಿಟಮಾಲ್ 325, ಸೆರಾಶಿಯೊಪೆಪ್ಟಿಡೇಸ್ 15, ಹೀಗೆ ಮೂರು ಸೇರಿದ ಮಾತ್ರೆ. ಇದರಲ್ಲಿ ಪ್ಯಾರಾಸಿಟಮಾಲ್ ಇದೆಯೆಂಬುದು ತಿಳಿಯದೆ ಮೇಲೊಂದು 650ರ ಮಾತ್ರೆ ನುಂಗುವವರು ಬಹಳ. ಕೊನೆಯ ಸೆರಾಶಿಯೊಪೆಪ್ಟಿಡೇಸ್ ‘ಊತ ಕರಗಿಸುವ’ ಕಿಣ್ವವೆಂದು ಸೇರಿಸಿದ್ದು. ಅದು ಹುಟ್ಟಿದ ಜಪಾನಿನಲ್ಲಿ, ಪರೀಕ್ಷೆಯಲ್ಲಿ ಉಪಯೋಗ ಸಾಬೀತಾಗಲಿಲ್ಲವೆಂದು ತಯಾರಿಸಿದ ಕಂಪನಿಯೇ 2011ರಲ್ಲಿ ಅದನ್ನು ಮಾರುಕಟ್ಟೆಯಿಂದ ಹಿಂದಕ್ಕೆ ತೆಗೆದುಕೊಂಡಿತು. ಇಲ್ಲಿ ಇನ್ನೂ ಅದಕ್ಕೆ ಹಣ ಕೊಡುತ್ತಿದ್ದೇವೆ.

ಊಟ ಆದ ಮೇಲೆ ತಗೊಂಡರೆ ಹೊಟ್ಟೆಗೆ ಏನೂ ಆಗದೆಂಬ ನಂಬಿಕೆ ಬಲವಾಗಿದೆ. ಊಟ ಉರಿಯನ್ನು ತುಸು ತಗ್ಗಿಸಬಹುದು. ಹುಣ್ಣನ್ನು ತಡೆಯುವುದಿಲ್ಲ. ಔಷಧಿ ಜಠರದ ಲೋಳೆಯನ್ನು ಕೆಡಿಸುವುದು ಬಹುಪಾಲು ರಕ್ತದ ಮೂಲಕವೇ. ಆದ್ದರಿಂದಲೇ “ಹೊಟ್ಟೆಗೆ ಆಗಲ್ಲ, ಒಂದು ಸೂಜಿ ಹಾಕಿಬಿಡಿ ಸಾರ್” ಎಂದು ಹಾಕಿಸಿಕೊಂಡ ಡೈಕ್ಲೋಫೆನಾಕ್ ಇಂಜೆಕ್ಷನ್ನಿನಿಂದಲೂ ಹೊಟ್ಟೆಯಲ್ಲಿ ಹುಣ್ಣಾಗುತ್ತದೆ. ಬಹಳ ಜನರಲ್ಲಿ ಹುಣ್ಣು ನೋಯುವುದೂ ಇಲ್ಲ, ಏಕೆಂದರೆ ನೋವು ತಡೆಯುವ ಮಾತ್ರೆ ಒಳಗೇ ಇದೆ. ಮೊದಲು ಕಾಣುವುದು ಮಲ ಡಾಂಬರಿನಂತೆ ಕಪ್ಪಾಗಿ, ಅಂಟಂಟಾಗಿ, ಕೆಟ್ಟ ವಾಸನೆ ಬರುವುದು. ಇಲ್ಲವೇ ಮೆಟ್ಟಿಲು ಹತ್ತಿದರೆ ಏದುಸಿರು, ತಲೆಸುತ್ತು. ಕಬ್ಬಿಣಾಂಶದ ಮಾತ್ರೆ ತಿನ್ನುವವರ ಮಲವೂ ಕಪ್ಪಾಗುತ್ತದೆ, ಆದರೆ ಅಂಟುವುದಿಲ್ಲ, ಆ ನಾತವೂ ಇರುವುದಿಲ್ಲ. ಡಾಂಬರಿನಂಥ ಮಲ ಕಂಡ ದಿನವೇ ತಾಲ್ಲೂಕು ಆಸ್ಪತ್ರೆಗೋ ಮಂಡ್ಯದ ಮಿಮ್ಸ್‌ಗೋ ಮೈಸೂರಿನ ಕೆ.ಆರ್. ಆಸ್ಪತ್ರೆಗೋ ಹೋಗಬೇಕು. ಬೆಳಗಾಗಲಿ ಅನ್ನಬಾರದು.

65 ದಾಟಿದವರು, ಹಿಂದೆ ಅಲ್ಸರ್ ಆಗಿದ್ದವರು, ರಕ್ತ ತೆಳುವಾಗಿಸುವ ಮಾತ್ರೆ ಅಥವಾ ಸ್ಟೀರಾಯ್ಡ್ ತೆಗೆದುಕೊಳ್ಳುವವರು ಎನ್‌ಸೆಡ್ ನುಂಗಲೇಬೇಕಾದರೆ ಜಠರದ ಆಮ್ಲ ತಗ್ಗಿಸುವ ಒಮೆಪ್ರಜೋಲ್ 20 ಮಿಲಿಗ್ರಾಂ ಜೊತೆಗಿರಬೇಕು, ಅದೂ ಬೆಳಿಗ್ಗೆ ತಿಂಡಿಗೆ ಅರ್ಧ ಗಂಟೆ ಮುಂಚೆ. ಊಟವಾದ ಮೇಲೆ ನುಂಗಿದರೆ ಪರಿಣಾಮ ಕುಗ್ಗುತ್ತದೆ. ಅದು ಸಣ್ಣ ಕರುಳನ್ನಾಗಲಿ ಕಿಡ್ನಿಯನ್ನಾಗಲಿ ಕಾಯುವುದಿಲ್ಲ.

ತೂಬು ಮುಚ್ಚಿದರೆ ಗದ್ದೆ ಒಣಗುತ್ತದೆ

ಕಿಡ್ನಿಯ ಕತೆ ವಿಶ್ವೇಶ್ವರಯ್ಯ ನಾಲೆಯ ಬಯಲಿನವರಿಗೆ ಬೇಗ ಅರ್ಥವಾಗುತ್ತದೆ. ಕಿಡ್ನಿಯ ಒಳಗೆ ಲಕ್ಷಾಂತರ ಜರಡಿಗಳಿವೆ. ಪ್ರತಿಯೊಂದು ಜರಡಿಯೂ ಒಂದು ಗದ್ದೆ ಎಂದುಕೊಳ್ಳಿ. ನೀರು ಒಳಗೆ ಬರುವ ತೂಬು ಒಂದು, ಹೊರಗೆ ಹೋಗುವ ಬಾಯಿ ಒಂದು. ಗದ್ದೆಯಲ್ಲಿ ಸಾಕಷ್ಟು ನೀರು ನಿಂತಿದ್ದರೆ ಮಾತ್ರ ಜರಡಿ ಸೋಸುತ್ತದೆ. ಒಳತೂಬನ್ನು ತೆರೆದು ಹಿಡಿಯುವುದು ಪ್ರೋಸ್ಟಾಗ್ಲಾಂಡಿನ್. ಮೈಯಲ್ಲಿ ನೀರು ಕಡಿಮೆಯಾದಾಗ ಹೊರಬಾಯಿಯನ್ನು ಕಿರಿದು ಮಾಡಿ ಗದ್ದೆಯ ಮಟ್ಟ ಕಾಯುವುದು ಆಂಜಿಯೊಟೆನ್ಸಿನ್.

ಈಗ 60 ದಾಟಿದ ಒಬ್ಬ ರೈತರ ಮಾತ್ರೆ ಡಬ್ಬಿ ತೆರೆಯಿರಿ. ಬಿ.ಪಿ.ಗೆ ಟೆಲ್ಮಿಸಾರ್ಟನ್ ಅಥವಾ ಲೊಸಾರ್ಟನ್ ಇರುತ್ತದೆ. ಅದು ಹೊರಬಾಯಿಯನ್ನು ಅಗಲ ಮಾಡುತ್ತದೆ. ಅದೇ ಮಾತ್ರೆಯ ಜೊತೆಗೆ ‘ಎಚ್’ ಎಂದು ಸೇರಿಸಿದ್ದರೆ ಹೈಡ್ರೊಕ್ಲೋರೊಥಯಜೈಡ್ ಇದೆ, ನೀರು ಹೊರಹಾಕುವ ಔಷಧಿ. ಅಂದರೆ ನಾಲೆಯಲ್ಲೇ ನೀರು ಇಳಿಸಿದ ಹಾಗೆ. ಎರಡೂ ಅಗತ್ಯದ ಔಷಧಿಗಳೇ, ಬಿಡಬಾರದವು. ಇವುಗಳ ಮೇಲೆ ಮಂಡಿ ನೋವಿನ ಅಸೆಕ್ಲೋಫೆನಾಕ್ ಬಿತ್ತೆಂದರೆ ಒಳತೂಬೂ ಮುಚ್ಚಿತು. ವೈದ್ಯರು ಇದನ್ನು ಮೂರೇಟು ಅನ್ನುತ್ತಾರೆ. ಮೊದಲ ಮೂರು ನಾಲ್ಕು ವಾರ ಅಪಾಯ ಹೆಚ್ಚು. ಮೂತ್ರ ಕಡಿಮೆಯಾಗುವುದು, ಸಂಜೆ ಹೊತ್ತಿಗೆ ಪಾದ ಊದಿ ಚಪ್ಪಲಿ ಬಿಗಿಯಾಗುವುದು, ನಾಲ್ಕೈದು ದಿನದಲ್ಲೇ ತೂಕ ಎರಡು ಕಿಲೋ ಏರುವುದು, ನಿಯಂತ್ರಣದಲ್ಲಿದ್ದ ಬಿ.ಪಿ. ಮತ್ತೆ ಏರುವುದು, ಇವು ಲಕ್ಷಣ. ಬಿ.ಪಿ. ಏರಿತೆಂದು ಬಿ.ಪಿ. ಮಾತ್ರೆಯ ಡೋಸು ಹೆಚ್ಚಿಸುವ ಮುಂಚೆ ನೋವಿನ ಮಾತ್ರೆ ನಡೆಯುತ್ತಿದೆಯೇ ಎಂದು ಕೇಳಬೇಕು. ಕೇಳದಿದ್ದರೆ ರೋಗಿಯೇ ಹೇಳಬೇಕು.

ಇದಕ್ಕೆ ಬಿಸಿಲು ಸೇರಿಸಿ. ಮಾರ್ಚ್, ಏಪ್ರಿಲ್ ಬಿಸಿಲಲ್ಲಿ ಕಬ್ಬು ಕಡಿಯುವವರು, ಆಲೆಮನೆಯ ಕೊಪ್ಪರಿಗೆ ಮುಂದೆ ನಿಂತು ಪಾಕ ತಿರುವುವವರು ಗಂಟೆಗಟ್ಟಲೆ ಬೆವರುತ್ತಾರೆ. ನೀರು ಸಾಲದ ಮೈಯಲ್ಲಿ ಕಿಡ್ನಿಯ ಒಳತೂಬು ಪೂರ್ತಿ ಪ್ರೋಸ್ಟಾಗ್ಲಾಂಡಿನ್ನನ್ನೇ ನಂಬಿರುತ್ತದೆ. ಕೆಲಸಕ್ಕೆ ಹೋಗುವ ಮುಂಚೆ ಮೈಕೈ ನೋವು ಬಾರದಿರಲೆಂದು ಮಾತ್ರೆ ನುಂಗುವ ರೂಢಿ ಇದೆಯಲ್ಲ, ಅದು ಆ ನಂಬಿಕೆಯನ್ನೇ ಕಿತ್ತುಹಾಕುತ್ತದೆ. ಮಧ್ಯ ಅಮೆರಿಕದ ನಿಕರಾಗುವಾ, ಎಲ್ ಸಾಲ್ವಡೋರ್‌ಗಳಲ್ಲಿ ಸಕ್ಕರೆಕಾಯಿಲೆಯಾಗಲಿ ಬಿ.ಪಿ.ಯಾಗಲಿ ಇಲ್ಲದ ಕಬ್ಬು ಕಡಿಯುವ ಯುವಕರ ಕಿಡ್ನಿ ಕೆಟ್ಟ ಪ್ರಕರಣಗಳು ಸಾವಿರಾರು. ಅಲ್ಲಿ ಮೊದಲ ಅನುಮಾನ ಬಿಸಿಲು ಮತ್ತು ನಿರ್ಜಲತೆಯ ಮೇಲಿದೆ. ಜೊತೆಗೆ ನುಂಗುವ ನೋವಿನ ಮಾತ್ರೆಗಳನ್ನೂ ಸಂಶೋಧಕರು ಕಾರಣಗಳ ಪಟ್ಟಿಯಲ್ಲಿ ಇಟ್ಟಿದ್ದಾರೆ. ಕಬ್ಬಿನ ನಾಡಾದ ಮಂಡ್ಯ ಇದನ್ನು ದೂರದ ಸುದ್ದಿಯೆಂದು ಬಿಡಬಾರದು. ಬೆವರಿನ ಕೆಲಸದ ದಿನ, ವಾಂತಿಭೇದಿಯ ದಿನ, ಉಪವಾಸದ ದಿನ ಎನ್‌ಸೆಡ್ ಬೇಡ. ಹರಳೆಣ್ಣೆ ಕುಡಿದು ಹೊಟ್ಟೆ ತೊಳೆದುಕೊಂಡ ದಿನವೂ ಬೇಡ.

ಬೆಂಗಳೂರು ಮೈಸೂರು ರಸ್ತೆಯಲ್ಲಿ ರಾಮನಗರದ ಬೆಟ್ಟಗಳು ಕಾಣುತ್ತವಲ್ಲ, ಅಲ್ಲಿನ ರಾಮದೇವರ ಬೆಟ್ಟವನ್ನು 2012ರಲ್ಲಿ ರಣಹದ್ದುಗಳ ಧಾಮವೆಂದು ಘೋಷಿಸಿದರು. ಇಡೀ ದೇಶದಲ್ಲಿ ರಣಹದ್ದು ಅಳಿವಿನ ಅಂಚಿಗೆ ಬಂದದ್ದು ಡೈಕ್ಲೋಫೆನಾಕ್‌ನಿಂದ. ದನಕ್ಕೆ ಕೊಟ್ಟ ಇಂಜೆಕ್ಷನ್, ಆ ದನ ಸತ್ತಾಗ ಹೆಣ ತಿಂದ ಹದ್ದಿನ ಕಿಡ್ನಿಯನ್ನು ಕೆಲವೇ ದಿನದಲ್ಲಿ ನಿಲ್ಲಿಸಿತು. ಕಾರಣ ಗೊತ್ತಾದದ್ದು 2004ರಲ್ಲಿ, ಪಶುಗಳಿಗೆ ನಿಷೇಧ 2006ರಲ್ಲಿ. ಅಸೆಕ್ಲೋಫೆನಾಕ್ ದನದ ಮೈಯಲ್ಲಿ ಡೈಕ್ಲೋಫೆನಾಕ್ ಆಗಿಯೇ ಬದಲಾಗುವುದರಿಂದ 2023ರಲ್ಲಿ ಅದನ್ನೂ, ಕೀಟೊಪ್ರೊಫೇನನ್ನೂ ಪಶುಗಳಿಗೆ ನಿಷೇಧಿಸಿದರು. ಮನುಷ್ಯರ ಡೈಕ್ಲೋಫೆನಾಕ್ ತಂದು ಹಸುವಿಗೆ ಚುಚ್ಚಿಸುವುದು ಕಾನೂನಿಗೆ ವಿರುದ್ಧ. ಹಸುವಿಗೆ ಮೆಲಾಕ್ಸಿಕಾಮ್ ಇದೆ, ಅದು ಹದ್ದನ್ನು ಕೊಲ್ಲುವುದಿಲ್ಲ.

ಹೃದಯದ ಮಾತು ಚಿಕ್ಕದಾಗಿ. ಹೊಟ್ಟೆಗೆ ಹಿತವೆಂದು 1999ರಲ್ಲಿ ಬಂದ ರೋಫೆಕಾಕ್ಸಿಬ್, ಹೃದಯಾಘಾತ ಹೆಚ್ಚಿಸುತ್ತದೆಂದು ಗೊತ್ತಾಗಿ 2004ರಲ್ಲಿ ಪ್ರಪಂಚದಾದ್ಯಂತ ಮಾರುಕಟ್ಟೆ ಬಿಟ್ಟಿತು. ಅದೇ ಗುಂಪಿನ ಎಟೊರಿಕಾಕ್ಸಿಬ್ ಇಲ್ಲಿ ಧಾರಾಳವಾಗಿ ಸಿಗುತ್ತದೆ; ಬಿ.ಪಿ. 140/90 ಮೀರಿಯೇ ಇರುವವರು ಅದನ್ನು ಮುಟ್ಟಬಾರದು. ಸ್ಟೆಂಟ್ ಹಾಕಿಸಿಕೊಂಡು ಆಸ್ಪಿರಿನ್ 75 ನುಂಗುವವರಿಗೆ ಐಬುಪ್ರೊಫೇನ್ ಇನ್ನೊಂದು ತೊಂದರೆ: ಅದು ಆಸ್ಪಿರಿನ್ ಕೂರುವ ಜಾಗವನ್ನೇ ಮೊದಲು ಹಿಡಿದು ಅದರ ಕೆಲಸ ಕೆಡಿಸುತ್ತದೆ. ಅಪರೂಪಕ್ಕೆ ಬೇಕೇ ಆದರೆ ಸಾದಾ ಆಸ್ಪಿರಿನ್ ನುಂಗಿದ ಅರ್ಧ ಗಂಟೆಯಾದರೂ ಕಳೆದ ಮೇಲೆ, ಇಲ್ಲವೇ ಅದಕ್ಕೆ 8 ಗಂಟೆ ಮುಂಚೆ.

ಮಳೆಗಾಲದ ಜ್ವರಕ್ಕೆ ಎನ್‌ಸೆಡ್ ಬೇಡವೇ ಬೇಡ. ಡೆಂಗಿಯಲ್ಲಿ ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಇಳಿಯುತ್ತದೆ, ಈ ಮಾತ್ರೆಗಳು ಉಳಿದ ಪ್ಲೇಟ್‌ಲೆಟ್ಟಿನ ಕೆಲಸವನ್ನೂ ನಿಲ್ಲಿಸುತ್ತವೆ. ಚಿಕುನ್‌ಗುನ್ಯಾದ ಕೀಲುನೋವು ಎಷ್ಟೇ ಕಾಡಿದರೂ ಡೆಂಗಿ ಇಲ್ಲವೆಂದು ಖಾತ್ರಿಯಾಗುವವರೆಗೆ ಪ್ಯಾರಾಸಿಟಮಾಲ್ ಮಾತ್ರ. ಗರ್ಭಿಣಿಯರು 20 ವಾರ ತುಂಬಿದ ಮೇಲೆ ಎನ್‌ಸೆಡ್‌ಗಳಿಂದ ದೂರವೇ ಇರಬೇಕು: ಮಗುವಿನ ಕಿಡ್ನಿ ಕುಗ್ಗಿ, ಗರ್ಭದಲ್ಲಿ ಮಗುವಿನ ಸುತ್ತ ಇರುವ ನೆತ್ತಿನೀರು ಕಡಿಮೆಯಾಗುತ್ತದೆ. ಮುಟ್ಟಿನ ನೋವಿಗೆ ಮೆಫೆನಮಿಕ್ ಆಸಿಡ್ ಎರಡು ಮೂರು ದಿನ ನುಂಗುವುದು ಸರಿಯಾದ ಬಳಕೆಯೇ. ಆದರೆ ಎರಡರಿಂದ ಎಂಟು ವಾರದೊಳಗೆ ಜ್ವರ, ಮೈತುಂಬ ಗಂಧೆ, ಮುಖ ಊತ, ಗಡ್ಡೆ ಕಟ್ಟಿದ ಕುತ್ತಿಗೆ ಕಂಡರೆ ಅದು ಡ್ರೆಸ್ ಎಂಬ ಅಪರೂಪದ, ಅಪಾಯದ ಅಲರ್ಜಿ ಇರಬಹುದು. ಭಾರತೀಯ ಫಾರ್ಮಕೋಪಿಯಾ ಆಯೋಗ 2023ರ ನವೆಂಬರಿನಲ್ಲಿ ಇದರ ಬಗ್ಗೆ ಎಚ್ಚರಿಸಿತ್ತು.

ಬದಲಿ ಯಾವುದು?

ಮಂಡಿ ಸವೆತಕ್ಕೆ ಮೊದಲ ಬದಲಿ ಗಿಡದಿಂದ ಬರುವುದಿಲ್ಲ. ಅದೇ ಡೈಕ್ಲೋಫೆನಾಕ್, ಜೆಲ್ ರೂಪದಲ್ಲಿ. ಸರಿಯಾಗಿ ಹಚ್ಚಿದರೂ ರಕ್ತಕ್ಕೆ ಸೇರುವುದು ಮಾತ್ರೆಯ ಸುಮಾರು ನೂರಕ್ಕೆ ಆರು ಪಾಲು. ಮಂಡಿ, ಕೈಬೆರಳು ಚರ್ಮಕ್ಕೆ ಹತ್ತಿರ ಇರುವ ಕೀಲುಗಳಾದ್ದರಿಂದ ಅಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಸೊಂಟ, ತೊಡೆಸಂಧಿ ಆಳದವು, ಅಲ್ಲಿ ಅಷ್ಟಕ್ಕಷ್ಟೆ. “ಹಚ್ಚಿ ನೋಡ್ದೆ, ಏನೂ ಆಗ್ಲಿಲ್ಲ” ಅನ್ನುವವರಲ್ಲಿ ಹೆಚ್ಚಿನವರು ಹಚ್ಚಿರುವುದು ಕಡಲೆಕಾಳಿನಷ್ಟು. ಒಂದು ಮಂಡಿಗೆ ಒಂದು ಸಲಕ್ಕೆ ಬೇಕಾದದ್ದು 4 ಗ್ರಾಂ. ತೋರುಬೆರಳಿನ ತುದಿಯಿಂದ ಮೊದಲ ಗೆಣ್ಣಿನವರೆಗೆ ಹಿಂಡಿದರೆ ಸುಮಾರು ಅರ್ಧ ಗ್ರಾಂ. ಹಾಗೆ ಎಂಟು ಗೆರೆ. ದಿನಕ್ಕೆ ಮೂರು ನಾಲ್ಕು ಸಲ, ಮಂಡಿಯ ಮುಂದೆ, ಎರಡೂ ಪಕ್ಕ, ಹಿಂದೆ ಸುತ್ತ ಸವರಬೇಕು. 30 ಗ್ರಾಂ ಟ್ಯೂಬು ಈ ಲೆಕ್ಕದಲ್ಲಿ ಒಂದು ಮಂಡಿಗೆ ಎರಡು, ಎರಡೂವರೆ ದಿನಕ್ಕೆ ಮುಗಿಯುತ್ತದೆ. ಖರ್ಚು ಹೌದು. ಎರಡು ವಾರ ಬಿಡದೆ ಹಚ್ಚಿಯೇ ಫಲವನ್ನು ಅಳೆಯಬೇಕು. ಹಚ್ಚಿ ಒಂದು ಗಂಟೆ ನೀರು ತಾಕಿಸಬಾರದು, ಮೇಲೆ ಬಿಸಿ ಶಾಖ ಕೊಡಬಾರದು, ಬಿಗಿಯಾಗಿ ಬಟ್ಟೆ ಸುತ್ತಬಾರದು, ಗಾಯದ ಮೇಲೆ ಹಚ್ಚಬಾರದು. ಉರಿಯುವ ಮುಲಾಮುಗಳಲ್ಲಿ ಮಿಥೈಲ್ ಸ್ಯಾಲಿಸಿಲೇಟ್ ಇರುತ್ತದೆ. ರಕ್ತ ತೆಳುವಾಗಿಸುವ ವಾರ್ಫರಿನ್ ನುಂಗುವವರಿಗೆ ಅದು ರಕ್ತಸ್ರಾವ ತರಬಲ್ಲದು.

ಎರಡನೆಯದು ತೊಡೆಯ ಸ್ನಾಯು. ಮಂಡಿ ಸವೆತದಲ್ಲಿ ವ್ಯಾಯಾಮ ಕೊಡುವ ಉಪಶಮನ ನೋವಿನ ಮಾತ್ರೆಗೆ ಹತ್ತಿರ ಹತ್ತಿರ ಬರುತ್ತದೆ, ಹೊಟ್ಟೆ ಕಿಡ್ನಿ ತಂಟೆಯಿಲ್ಲದೆ. ಕಾಲು ಚಾಚಿ ಕೂತು ಮಂಡಿಯ ಕೆಳಗೆ ಸುರುಳಿ ಸುತ್ತಿದ ಟವೆಲ್ ಇಡಿ. ಮಂಡಿಯಿಂದ ಟವೆಲ್ಲನ್ನು ನೆಲಕ್ಕೆ ಒತ್ತಿ, ಐದು ಎಣಿಸಿ ಬಿಡಿ. ಹತ್ತು ಸಲ. ಆಮೇಲೆ ಅಂಗಾತ ಮಲಗಿ ಒಂದು ಕಾಲು ಮಡಚಿ, ಇನ್ನೊಂದನ್ನು ನೇರವಾಗಿ ಒಂದು ಗೇಣು ಮೇಲೆತ್ತಿ ಐದು ಎಣಿಸಿ. ಹತ್ತು ಸಲ. ಕೊನೆಗೆ ಎತ್ತರದ ಕುರ್ಚಿಯಿಂದ ಕೈಯೂರದೆ ಎದ್ದು ಕೂರುವುದು, ಎಂಟು ಹತ್ತು ಸಲ. ಬೆಳಿಗ್ಗೆ ಸಂಜೆ ಮಾಡಿದರೆ ಆರರಿಂದ ಎಂಟು ವಾರಕ್ಕೆ ವ್ಯತ್ಯಾಸ ಕಾಣುತ್ತದೆ. ಎರಡನೇ ವಾರಕ್ಕೇ ಬಿಡುವವರು ಜಾಸ್ತಿ, ಏಕೆಂದರೆ ಮೊದಮೊದಲು ನೋವು ಸ್ವಲ್ಪ ಏರುತ್ತದೆ. ಆ ನೋವು ಮರುದಿನ ಬೆಳಿಗ್ಗೆಗೆ ಮೊದಲಿನ ಮಟ್ಟಕ್ಕೆ ಇಳಿದರೆ ಮುಂದುವರಿಸಿ. ಇಳಿಯದಿದ್ದರೆ ಎಣಿಕೆ ಅರ್ಧ ಮಾಡಿ. ಮೈತೂಕ ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಗೂ ಮಂಡಿಯ ಮೇಲಿನ ಹೊರೆ ಸುಮಾರು ನಾಲ್ಕು ಕಿಲೋ ಇಳಿಯುತ್ತದೆ. ನೆಲದ ಮೇಲೆ ಚಕ್ಕಳಮಕ್ಕಳ ಕೂತು ಮುದ್ದೆ ಉಣ್ಣುವುದನ್ನು ಮಣೆಯಿಂದ ಕುರ್ಚಿಗೆ ಬದಲಿಸುವುದು, ಕಕ್ಕಸಿಗೆ ಎತ್ತರದ ಸ್ಟೂಲು ಹಾಕುವುದು ಇವಕ್ಕೂ ಲೆಕ್ಕವಿದೆ.

ಶಾಖ. ಎರಡು ಹಿಡಿ ಕಲ್ಲುಪ್ಪನ್ನು ಬಾಣಲೆಯಲ್ಲಿ ಒಣಗೆ ಹುರಿದು ಹತ್ತಿಬಟ್ಟೆಯಲ್ಲಿ ಗಂಟು ಕಟ್ಟಿ, ಮೊದಲು ಮುಂಗೈ ಒಳಭಾಗಕ್ಕೆ ತಾಕಿಸಿ ನೋಡಿ, ಹದಿನೈದು ನಿಮಿಷ. ಲಕ್ಕಿ ಸೊಪ್ಪು ಹಾಕಿ ಕಾಯಿಸಿದ ನೀರಿನ ಸ್ನಾನವೂ ಹಿತವೇ. ಬಿಗಿದ ಸ್ನಾಯುವಿಗೆ ಇದು ಸರಿ. ಕೆಂಪಾಗಿ, ಬಿಸಿಯಾಗಿ ಊದಿದ ಕೀಲಿಗೆ, ಉಳುಕಿದ ಮೊದಲ ಎರಡು ದಿನಕ್ಕೆ ಶಾಖ ಬೇಡ. ಬಟ್ಟೆಯಲ್ಲಿ ಸುತ್ತಿದ ಐಸು ಬೇಕು. ಸಕ್ಕರೆಕಾಯಿಲೆಯಿಂದ ಪಾದದ ಸ್ಪರ್ಶ ಕಡಿಮೆಯಾದವರಿಗೆ ಶಾಖ ಸುಟ್ಟಗಾಯ ಮಾಡುತ್ತದೆ. ಎಕ್ಕದ ಎಲೆ ಬಿಸಿ ಮಾಡಿ ಕಟ್ಟುವವರು ಅದರ ಹಾಲು ಕಣ್ಣಿಗೆ ತಾಕದಂತೆ ನೋಡಿಕೊಳ್ಳಿ. ಕರಿಗುಡ್ಡೆಯ ಮೇಲ್ಪದರ ಊದಿ ದೃಷ್ಟಿ ಮಂಜಾಗುತ್ತದೆ.

ಇನ್ನು ಅರಿಶಿನ. ಅದರ ಸತ್ವ ಕರ್ಕ್ಯುಮಿನ್ ಊತ ತಗ್ಗಿಸುವುದು ಸುಳ್ಳಲ್ಲ. ಮಂಡಿ ಸವೆತದ ಪರೀಕ್ಷೆಗಳಲ್ಲಿ ದಿನಕ್ಕೆ ಸುಮಾರು 1000 ಮಿಲಿಗ್ರಾಂ ಕರ್ಕ್ಯುಮಿನ್ ಸಾರವನ್ನು ಎಂಟರಿಂದ ಹನ್ನೆರಡು ವಾರ ಕೊಟ್ಟು ನೋವು ಇಳಿದದ್ದು ಕಂಡಿದ್ದಾರೆ. ಅರಿಶಿನದ ಪುಡಿಯಲ್ಲಿ ಕರ್ಕ್ಯುಮಿನ್ ಇರುವುದು ನೂರಕ್ಕೆ ಮೂರರ ಆಸುಪಾಸು. ಒಂದು ಟೀ ಚಮಚ, ಅಂದರೆ 3 ಗ್ರಾಂ ಪುಡಿಯಲ್ಲಿ ಸಿಗುವುದು 90 ಮಿಲಿಗ್ರಾಂ. ಪರೀಕ್ಷೆಯ ಪ್ರಮಾಣ ಮುಟ್ಟಬೇಕಾದರೆ ದಿನಾ ಹನ್ನೊಂದು ಚಮಚ ತಿನ್ನಬೇಕು. ರಾತ್ರಿಯ ಅರಿಶಿನದ ಹಾಲು ಗಂಟಲಿಗೆ, ಮನಸ್ಸಿಗೆ ಹಿತ, ಮಂಡಿಗೆ ಔಷಧಿಯಲ್ಲ. ಮೆಣಸು ಸೇರಿಸಿದರೆ ಕರ್ಕ್ಯುಮಿನ್ ಹೆಚ್ಚು ಹೀರಿಕೆಯಾಗುತ್ತದೆಂದು 1998ರಲ್ಲಿ ತೋರಿಸಿದ್ದು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರು. ಅದರಿಂದಲೇ ಮೆಣಸಿನ ಸತ್ವವಾದ ಪೈಪರಿನ್ ಸೇರಿಸಿದ ಗಾಢ ಕ್ಯಾಪ್ಸೂಲುಗಳು ಬಂದವು. ಅವುಗಳಿಂದ ಲಿವರ್ ಊದಿ ಕಾಮಾಲೆಯಾದ ಪ್ರಕರಣಗಳು ಇಟಲಿ, ಅಮೆರಿಕ, ಆಸ್ಟ್ರೇಲಿಯಾಗಳಲ್ಲಿ ದಾಖಲಾಗಿವೆ. ಅಡುಗೆಯ ಅರಿಶಿನಕ್ಕೆ ಈ ಭಯವಿಲ್ಲ. ಕ್ಯಾಪ್ಸೂಲು ನುಂಗುವವರು ಮೂತ್ರ ಕಡು ಹಳದಿಯಾದರೆ, ಊಟ ಸೇರದಿದ್ದರೆ ಕೂಡಲೇ ನಿಲ್ಲಿಸಬೇಕು. ಕೀಲುನೋವಿಗೆಂದು ದಿನಾ ಅಮೃತಬಳ್ಳಿ ಕಷಾಯ ಕುಡಿಯುವವರಿಗೂ ಇದೇ ಮಾತು.

ಶುಂಠಿಗೆ ಮುಟ್ಟಿನ ನೋವಿನಲ್ಲಿ ಒಳ್ಳೆಯ ಆಧಾರವಿದೆ: ಒಣಶುಂಠಿ ಪುಡಿ ದಿನಕ್ಕೆ 750ರಿಂದ 2000 ಮಿಲಿಗ್ರಾಂ, ಮೊದಲ ಮೂರು ನಾಲ್ಕು ದಿನ; ಮಟ್ಟಸವಾದ ಅರ್ಧ ಟೀ ಚಮಚ ಸಾಕು. ಮಂಡಿಗೆ ಅದರ ಫಲ ಅಲ್ಪ. ಧೂಪದ ಜಾತಿಯ ಸಲ್ಲಕಿ ಅಂಟಿನ ಸಾರಕ್ಕೆ ಮಂಡಿ ಸವೆತದಲ್ಲಿ ಅರಿಶಿನದಷ್ಟೇ, ಬಹುಶಃ ತುಸು ಹೆಚ್ಚೇ ಆಧಾರ ಇದೆ. ಮೂರು ತಿಂಗಳು ತೆಗೆದುಕೊಂಡು ನೋಡಬೇಕಾದ್ದು. ಯಾವುದೇ ಆಗಲಿ, ಮಾತ್ರೆಯಂತೆ ಗಂಟೆಯೊಳಗೆ ಕೆಲಸ ಮಾಡುವುದಿಲ್ಲ.

ಒಂದು ಕಾಯಿಲೆಯಲ್ಲಿ ಮಾತ್ರ ಈ ಬದಲಿಗಳ ಹಿಂದೆ ಬಿದ್ದು ಕಾಲ ಕಳೆಯಬಾರದು. ಬೆಳಿಗ್ಗೆ ಎದ್ದಾಗ ಕೈಬೆರಳುಗಳು ಅರ್ಧ ಮುಕ್ಕಾಲು ಗಂಟೆ ಮಡಚಲಾಗದಷ್ಟು ಬಿಗಿದು, ಎರಡೂ ಕೈಯ ಸಣ್ಣ ಗೆಣ್ಣುಗಳು ಊದಿ, ಆರು ವಾರವಾದರೂ ಇಳಿಯದಿದ್ದರೆ ಅದು ರುಮಟಾಯ್ಡ್ ಸಂಧಿವಾತ ಇರಬಹುದು. ಅಲ್ಲಿ ನೋವಿನ ಮಾತ್ರೆ, ಅರಿಶಿನ ಎರಡೂ ಮೂಳೆಯ ಸವಕಳಿಯನ್ನು ತಡೆಯವು. ವಾರಕ್ಕೊಂದು ಸಲ ನುಂಗುವ ಮೆಥೊಟ್ರೆಕ್ಸೇಟ್‌ನಂಥ ಔಷಧಿ ಬೇಗ ಶುರುವಾದಷ್ಟೂ ಬೆರಳು ಸೊಟ್ಟಗಾಗುವುದು ತಪ್ಪುತ್ತದೆ.

ಹೆಸರಿಲ್ಲದ ಪುಡಿ

ಸಂತೆಯಲ್ಲಿ, ಬಸ್ ಸ್ಟ್ಯಾಂಡಿನ ಪಕ್ಕ, ಪರಿಚಯದವರ ಕೈಯಿಂದ ಬರುವ ಕೀಲುನೋವಿನ ಕಂದು ಪುಡಿಯೇ ಈ ಎಲ್ಲದರಲ್ಲಿ ಅಪಾಯಕಾರಿ. ಪೊಟ್ಟಣದ ಮೇಲೆ ಪದಾರ್ಥಗಳ ಪಟ್ಟಿಯಿಲ್ಲ, ತಯಾರಿಕಾ ಲೈಸೆನ್ಸ್ ನಂಬರಿಲ್ಲ. ಇಂಥವುಗಳಲ್ಲಿ ಡೆಕ್ಸಾಮೆಥಾಸೋನ್, ಪ್ರೆಡ್ನಿಸೋಲೋನ್ ಸ್ಟೀರಾಯ್ಡುಗಳನ್ನೋ ಡೈಕ್ಲೋಫೆನಾಕನ್ನೋ ಬೆರೆಸಿರುವುದು ಪ್ರಯೋಗಾಲಯಗಳಲ್ಲಿ ಮತ್ತೆ ಮತ್ತೆ ಸಿಕ್ಕಿದೆ. ಗುರುತು ಹೀಗೆ: ವರ್ಷಗಳ ನೋವು ಎರಡೇ ದಿನದಲ್ಲಿ ಮಾಯ. ಹಸಿವು ಏರುತ್ತದೆ. ತಿಂಗಳೆರಡರಲ್ಲಿ ಮುಖ ದುಂಡಗೆ ಊದಿ, ಕೈಕಾಲು ಸಣ್ಣಗಾಗಿ, ಸಣ್ಣ ಪೆಟ್ಟಿಗೂ ಚರ್ಮ ಕಂದುತ್ತದೆ. ಸಕ್ಕರೆ ಏರುತ್ತದೆ. ಗಾಬರಿಯಾಗಿ ಒಮ್ಮೆಗೇ ನಿಲ್ಲಿಸುವುದು ಇನ್ನೂ ಅಪಾಯ, ಏಕೆಂದರೆ ಅಷ್ಟರಲ್ಲಿ ಮೈ ತನ್ನ ಸ್ಟೀರಾಯ್ಡ್ ತಯಾರಿಸುವುದನ್ನೇ ನಿಲ್ಲಿಸಿರುತ್ತದೆ; ಬಿ.ಪಿ. ಕುಸಿದು ಬೀಳಬಹುದು. ಪೊಟ್ಟಣವನ್ನು ಕೈಯಲ್ಲೇ ಹಿಡಿದು ಆಸ್ಪತ್ರೆಗೆ ಹೋಗಿ, ಅವರು ಹೇಳಿದಂತೆ ಹಂತಹಂತವಾಗಿ ಇಳಿಸಬೇಕು. ಆಯುರ್ವೇದವೇ ಬೇಕಾದರೆ ಓದಿದ ವೈದ್ಯರಿದ್ದಾರೆ, ಮೈಸೂರಿನಲ್ಲಿ ಸರ್ಕಾರಿ ಆಯುರ್ವೇದ ಕಾಲೇಜೇ ಇದೆ. ಅವರಲ್ಲೂ ಒಂದು ಪ್ರಶ್ನೆ ಕೇಳಿ: ಇದರಲ್ಲಿ ಭಸ್ಮ ಇದೆಯೇ? ಯೋಗರಾಜ ಗುಗ್ಗುಳು ಸಸ್ಯಗಳದ್ದು. ಮಹಾಯೋಗರಾಜ ಗುಗ್ಗುಳಿಗೆ ಲೋಹಭಸ್ಮಗಳು ಸೇರುತ್ತವೆ, ಅದರಲ್ಲಿ ನಾಗ ಎಂದರೆ ಸೀಸ. ಕಿಡ್ನಿ ಕುಗ್ಗಿದವರಿಗೆ ಅದು ಸಲ್ಲದು.

ಮಾತ್ರೆಯಿಂದಾಗಲಿ ಪುಡಿಯಿಂದಾಗಲಿ ತೊಂದರೆಯಾದರೆ ರೋಗಿಯೇ ವರದಿ ಮಾಡಬಹುದು. ಔಷಧ ಸುರಕ್ಷತೆಯ ರಾಷ್ಟ್ರೀಯ ಕಾರ್ಯಕ್ರಮದ ಉಚಿತ ಸಹಾಯವಾಣಿ 1800-180-3024, ಮೈಸೂರಿನ ಜೆ.ಎಸ್.ಎಸ್. ಆಸ್ಪತ್ರೆಯಲ್ಲಿ ಅದರ ನಿಗಾ ಕೇಂದ್ರವಿದೆ. ಯಾರಿಗೆ ಆಯಿತು, ಏನಾಯಿತು, ಯಾವ ಔಷಧಿಯಿಂದ ಆಯಿತು, ಹೇಳುತ್ತಿರುವವರು ಯಾರು, ಇಷ್ಟು ಸಾಕು. ಬ್ಯಾಚ್ ನಂಬರು ಇದ್ದರೆ ಇನ್ನೂ ಒಳ್ಳೆಯದು. ಆದ್ದರಿಂದ ಅಂಗಡಿಯಲ್ಲಿ ಕತ್ತರಿ ಆಡುವ ಮುಂಚೆ ಒಂದು ಮಾತು: “ಅಣ್ಣ, ಹೆಸರಿರೋ ಕಡೆಯಿಂದ ಕತ್ತರಿಸಿಕೊಡಿ.” ಆಗದೆಂದರೆ ಪೂರ್ತಿ ಸ್ಟ್ರಿಪ್ಪಿನ ಹಿಂಬದಿಯನ್ನು ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿ. ಬಿ.ಪಿ. ಮಾತ್ರೆಯ ಚೀಟಿಯ ಫೋಟೊ ಅದರ ಪಕ್ಕದಲ್ಲೇ ಇರಲಿ, ಮುಂದಿನ ಡಾಕ್ಟರು ಎರಡನ್ನೂ ಒಟ್ಟಿಗೆ ನೋಡಲಿ.